ರೆಸ್ಯೂಮಿನ ಕೊನೆಯ ಸಾಲಿನಲ್ಲಿರುವ ಕೆಲಸ

ಕನ್ನಡದ ತಂತ್ರಾಂಶ ಕೆಲಸಗಳಲ್ಲಿ ಸ್ವಯಂಸೇವಕರಾಗಿ ಕೈಜೋಡಿಸುವ ಹುಡುಗ ಹುಡುಗಿಯರು ಕೆಲಸಕ್ಕೆ ಅರ್ಜಿ ಹಾಕುವ ಮುಂಚೆ ನನಗೆ ರೆಸ್ಯೂಮ್ ಕಳಿಸುತ್ತಾರೆ. "ಸರ್, ಒಂದು ಸಲ ನೋಡಿ" ಅಂತ. ನಾನು ಸಾಫ್ಟ್‌ವೇರ್ ತಂಡವೊಂದರಲ್ಲಿ ಇದ್ದೇನೆ, ಸಂದರ್ಶನಗಳನ್ನೂ ಮಾಡುತ್ತೇನೆ. ಹಾಗಾಗಿ ಕೇಳುತ್ತಾರೆ.

ಹೆಚ್ಚುಕಮ್ಮಿ ಎಲ್ಲ ರೆಸ್ಯೂಮುಗಳೂ ಒಂದೇ ಥರ. ಮೇಲೆ ಅಂಕಗಳು. ಅದರ ಕೆಳಗೆ ಫೈನಲ್ ಇಯರ್ ಪ್ರಾಜೆಕ್ಟ್, ಅದು ಲೈಬ್ರರಿ ಮ್ಯಾನೇಜ್‌ಮೆಂಟ್ ಸಿಸ್ಟಮ್ಮೋ ಅಟೆಂಡೆನ್ಸ್ ಆಪೋ ಆಗಿರುತ್ತದೆ. ಆಮೇಲೆ ಗೊತ್ತಿರುವ ಭಾಷೆಗಳ ಪಟ್ಟಿ: ಸಿ, ಜಾವಾ, ಪೈಥಾನ್. ತೀರಾ ಕೊನೆಯಲ್ಲಿ ಕ್ರಿಕೆಟ್, ಹಾಡು ಕೇಳುವುದು ಇತ್ಯಾದಿ ಹವ್ಯಾಸಗಳ ಪಕ್ಕದಲ್ಲಿ ಒಂದು ಸಾಲು: ಓಪನ್ ಸೋರ್ಸ್ ವಾಲಂಟಿಯರ್. ಅಂದರೆ ಯಾರು ಬೇಕಾದರೂ ಕೋಡ್ ನೋಡಿ ತಿದ್ದಬಹುದಾದ ಮುಕ್ತ ತಂತ್ರಾಂಶಗಳಿಗೆ ಸ್ವಯಂಸೇವೆ ಮಾಡುವವರು.

ಆ ಒಂದು ಸಾಲಿನ ಹಿಂದೆ ಎಷ್ಟು ಕೆಲಸ ಇದೆ ಅಂತ ನನಗೆ ಗೊತ್ತಿರುತ್ತದೆ. ಬೇರೆ ದೇಶದಲ್ಲಿ ಕೂತ ಅಪರಿಚಿತರ ಜೊತೆ ವಾದ ಮಾಡಿ ಒಪ್ಪಿಸಿದ್ದು, ಬೇರೆಯವರ ಅನುವಾದ ತಾಳ್ಮೆಯಿಂದ ತಿದ್ದಿದ್ದು, ಹೊಸಬರಿಗೆ ರಾತ್ರಿ ಕೂತು ಸೆಟಪ್ ಮಾಡಿಸಿಕೊಟ್ಟಿದ್ದು. ಒಂದು ಸಾಫ್ಟ್‌ವೇರ್ ತಂಡ ನಿಜವಾಗಿ ಹುಡುಕುವುದು ಇದನ್ನೇ. ಲೈಬ್ರರಿ ಮ್ಯಾನೇಜ್‌ಮೆಂಟ್ ಸಿಸ್ಟಮ್ ಅನ್ನಲ್ಲ. ಆದರೆ ಅರ್ಜಿ ಓದುವವರ ಕಣ್ಣು ಕೊನೆಯ ಸಾಲಿನವರೆಗೆ ಬರುವುದೇ ಇಲ್ಲ. ಬಂದರೂ ಆ ಸಾಲು ಅವರಿಗೆ ಏನೂ ಹೇಳುವುದಿಲ್ಲ.

ಒಂದು ಉದಾಹರಣೆ ಹೇಳುತ್ತೇನೆ. ತುಮಕೂರು ಕಡೆಯ ಒಬ್ಬ ಹುಡುಗಿಯ ರೆಸ್ಯೂಮ್. ಅದರಲ್ಲಿ ಇದ್ದದ್ದು "ಕನ್ನಡ ಲೋಕಲೈಸೇಶನ್‌ಗೆ ಕೊಡುಗೆ ನೀಡಿದ್ದೇನೆ" ಅನ್ನುವಷ್ಟೇ ಇಂಗ್ಲಿಷ್ ಸಾಲು. ಲೋಕಲೈಸೇಶನ್ ಅಂದರೆ ತಂತ್ರಾಂಶವನ್ನು ಕನ್ನಡಕ್ಕೆ ಒಗ್ಗಿಸುವ ಕೆಲಸ. ಫೋನ್ ಮಾಡಿ, "ನೀವು ಮಾಡಿದ್ದರಲ್ಲಿ ತುಂಬಾ ತಲೆ ಕೆಡಿಸಿದ್ದು ಯಾವುದು?" ಅಂತ ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಸರ್, ಆ ರ‍್ಯಾಂಕ್ ಕಥೆ ಹೇಳ್ಲಾ?" ಅಂದರು.

ಮಕ್ಕಳ ಕಲಿಕೆಗೆ ಬಳಸುವ ಒಂದು ಮುಕ್ತ ತಂತ್ರಾಂಶದ ಆಪ್. ಅದರಲ್ಲಿ ರ‍್ಯಾಂಕ್ ಅಂತ ಟೈಪ್ ಮಾಡಿ ಸೇವ್ ಮಾಡಿದರೆ, ಮತ್ತೆ ತೆರೆದಾಗ ಪದ ಬದಲಾಗಿರುತ್ತಿತ್ತು. ರ ಮಾಯವಾಗಿ ಯಾ ಮುಂದೆ ಅರ್ಕಾವೊತ್ತಾಗಿ ಕೂತಿರುತ್ತಿತ್ತು. ಆಪ್ ನೋಡಿಕೊಳ್ಳುವವರಿಗೆ ಕನ್ನಡ ಬರುವುದಿಲ್ಲ. "ಫಾಂಟ್ ತೊಂದರೆ ಇರಬೇಕು" ಅಂತ ಆಕೆಯ ಬಗ್ ರಿಪೋರ್ಟನ್ನು (ತೊಂದರೆಯ ದೂರನ್ನು) ಮುಚ್ಚಿಬಿಟ್ಟರು.

ಈಕೆ ಬಿಡಲಿಲ್ಲ. ಬೇರೆ ಬೇರೆ ಫಾಂಟ್ ಹಾಕಿ ನೋಡಿದರು, ಎಲ್ಲದರಲ್ಲೂ ಅದೇ. ಆಮೇಲೆ ಸೇವ್ ಮಾಡುವ ಮುಂಚಿನ ಪಠ್ಯ, ಸೇವ್ ಆದ ಮೇಲಿನ ಪಠ್ಯ ಎರಡನ್ನೂ ಅಕ್ಷರ ಅಕ್ಷರವಾಗಿ ಬಿಡಿಸಿ ಪಕ್ಕಪಕ್ಕ ಇಟ್ಟರು. ಒಂದು ಅಕ್ಷರ ಕಾಣೆಯಾಗಿತ್ತು. ಕಂಪ್ಯೂಟರಿನಲ್ಲಿ ಅಕ್ಷರಗಳನ್ನು ಉಳಿಸುವ ಪದ್ಧತಿಯಾದ ಯುನಿಕೋಡ್‌ನಲ್ಲಿ ರ, ವಿರಾಮ (ಸ್ವರ ತೆಗೆಯುವ ಚಿಹ್ನೆ), ಯ ಒಂದರ ಹಿಂದೆ ಒಂದು ಬಂದರೆ ಅದು ಅರ್ಕಾವೊತ್ತು ಆಗುತ್ತದೆ. ಸೂರ್ಯ, ಕಾರ್ಯ ಎಲ್ಲ ಹಾಗೇ. ರ ಪೂರ್ತಿಯಾಗಿ ಉಳಿದು ಯ ಒತ್ತಾಗಿ ಬರಬೇಕಾದರೆ ರ ಆದ ಕೂಡಲೇ ಕಣ್ಣಿಗೆ ಕಾಣದ ಒಂದು ಅಕ್ಷರ ಇರಬೇಕು. ಜೀರೋ ವಿಡ್ತ್ ಜಾಯಿನರ್ ಅಂತ ಅದರ ಹೆಸರು. ಆಪ್‌ನ ಕೋಡ್, ಜನ ಟೈಪ್ ಮಾಡಿದ್ದನ್ನು ಉಳಿಸುವ ಮುಂಚೆ ಕಾಣದ ಅಕ್ಷರಗಳನ್ನೆಲ್ಲ ಕಸ ಅಂತ ಗುಡಿಸಿ ಹಾಕುತ್ತಿತ್ತು. ಅದರ ಜೊತೆ ಇದೂ ಹೋಗುತ್ತಿತ್ತು.

ಇದನ್ನೆಲ್ಲ ಬರೆದು ಬಗ್ ಅನ್ನು ಮತ್ತೆ ತೆರೆಸಿದರು. ರಾಜ್‌ಕುಮಾರ್ ಅಂತ ಬಿಡಿಸಿ ಬರೆಯಲು ಬಳಸುವ ಇನ್ನೊಂದು ಕಾಣದ ಅಕ್ಷರವೂ ಹೀಗೇ ಹೋಗುತ್ತಿದೆ, ಪರ್ಶಿಯನ್ ಬರೆಯುವವರಿಗೂ ಅದು ಬೇಕು ಅಂತ ಸೇರಿಸಿದರು. ಆ ಒಂದು ಮಾತಿಗೆ ನಿರ್ವಾಹಕರು ಎದ್ದು ಕೂತರಂತೆ, ಯಾಕಂದರೆ ಇದು ಒಂದು ಭಾಷೆಯ ತೊಂದರೆ ಅಲ್ಲ ಅಂತ ಆಗ ಅವರಿಗೆ ಗೊತ್ತಾಯಿತು. ಕೊನೆಗೆ ಪ್ಯಾಚ್, ಅಂದರೆ ಕೋಡಿನ ತಿದ್ದುಪಡಿ ಕೂಡ ಆಕೆಯೇ ಕಳಿಸಿದರು. ಎರಡು ಸಾಲಿನ ಬದಲಾವಣೆ. ಅದರ ಜೊತೆಗಿನ ಟೆಸ್ಟ್ ಅದಕ್ಕಿಂತ ಉದ್ದ.

ಇಷ್ಟನ್ನು ಆಕೆ ಒಂದೇ ಉಸಿರಿಗೆ, ಕನ್ನಡದಲ್ಲಿ, ಎಲ್ಲೂ ತಡವರಿಸದೆ ಹೇಳಿದರು. ನನಗೆ ಖುಷಿಯೂ ಆಯಿತು, ಸಂಕಟವೂ ಆಯಿತು. ಒಬ್ಬ ಇಂಜಿನಿಯರ್‌ನಲ್ಲಿ ನಾನು ನೋಡಬೇಕು ಅಂದುಕೊಳ್ಳುವ ಗುಣ ಎಲ್ಲ ಆ ಕಥೆಯಲ್ಲಿ ಇತ್ತು. ಇಲ್ಲ ಅಂದವರ ಮುಂದೆ ಕೂಗಾಡದೆ ಸಾಕ್ಷಿ ಇಟ್ಟಿದ್ದು. ತನ್ನ ತೊಂದರೆಯನ್ನು ಬೇರೆಯವರ ತೊಂದರೆಗೂ ಜೋಡಿಸಿ ನೋಡಿದ್ದು. ಮತ್ತೆ ಕೆಡದ ಹಾಗೆ ಟೆಸ್ಟ್ ಬರೆದಿದ್ದು. ರೆಸ್ಯೂಮಿನಲ್ಲಿ ಇದರ ಸುಳಿವೂ ಇರಲಿಲ್ಲ.

ಯಾಕೆ ಇರಲಿಲ್ಲ ಅನ್ನುವುದನ್ನು ಸುಮಾರು ಯೋಚನೆ ಮಾಡಿದ್ದೇನೆ. ಮೊದಲ ಕಾರಣ ಇಂಗ್ಲಿಷ್. ರೆಸ್ಯೂಮ್ ಇಂಗ್ಲಿಷಿನಲ್ಲಿ ಬರೆಯಲು ಕೂತ ಕ್ಷಣ ನಮ್ಮ ಮಕ್ಕಳಿಗೆ ತಮ್ಮ ಕೆಲಸ ಮರೆತೇಹೋಗುತ್ತದೆ. ಎಲ್ಲೋ ಸಿಕ್ಕಿದ ಮಾದರಿಯ ವಾಕ್ಯಗಳು ಬಂದು ಕೂರುತ್ತವೆ. ತಂಡದ ಜೊತೆ ಹೊಂದಿಕೊಂಡು ಕೆಲಸ ಮಾಡಬಲ್ಲೆ, ಕಲಿಯುವ ಹಂಬಲ ಇದೆ, ಇಂಥವು. ಯಾರು ಬೇಕಾದರೂ ಬರೆಯಬಹುದಾದ ಮಾತುಗಳು.

ಇನ್ನೊಂದು ಕಾರಣ ಸಂಕೋಚ. "ಎಲ್ಲ ಸೇರಿ ಮಾಡಿದ್ದು ಸರ್, ನಂದೇನಿಲ್ಲ" ಅನ್ನುತ್ತಾರೆ. ಇದು ಬರೀ ನಾಚಿಕೆ ಅಲ್ಲ, ಪ್ರಾಮಾಣಿಕತೆ ಕೂಡ. ಸಮುದಾಯದ ಕೆಲಸದಲ್ಲಿ ಯಾವುದೂ ಒಬ್ಬರದ್ದೇ ಆಗಿರುವುದಿಲ್ಲ. ಅದನ್ನು ಗೌರವಿಸಬೇಕು. "ನಾನೇ ಎಲ್ಲ ಮಾಡಿದೆ" ಅಂತ ಬರೆಸುವ ಸಲಹೆಗಾರರನ್ನು ಕಂಡರೆ ನನಗೆ ಆಗುವುದಿಲ್ಲ. ನಾನು ಕೇಳುವುದು ಇಷ್ಟೇ: ಆ ದಿನ ನೀವು ಇರದೇ ಹೋಗಿದ್ದರೆ ಯಾವ ಭಾಗ ಆಗುತ್ತಿರಲಿಲ್ಲ? ಇದಕ್ಕೆ ಉತ್ತರ ಕೊಡಲು ಯಾರಿಗೂ ಸಂಕೋಚ ಆಗುವುದಿಲ್ಲ. ಬೇರೆಯವರ ಪಾಲನ್ನು ಕಸಿದುಕೊಂಡ ಹಾಗೂ ಆಗುವುದಿಲ್ಲ.

ಹಾಗಾಗಿ ಈಗ ನನ್ನ ಕ್ರಮ ಬೇರೆ. ರೆಸ್ಯೂಮ್ ತಿದ್ದುವುದಕ್ಕಿಂತ ಮುಂಚೆ ಫೋನಿನಲ್ಲಿ ಕನ್ನಡದಲ್ಲೇ ಕಥೆ ಹೇಳಿಸುತ್ತೇನೆ. ಅವರೇ ತಮ್ಮ ಮಾತನ್ನು ರೆಕಾರ್ಡ್ ಮಾಡಿಕೊಳ್ಳುತ್ತಾರೆ. ಆಮೇಲೆ ಅದನ್ನು ಕೇಳುತ್ತಾ ಸರಳ ಇಂಗ್ಲಿಷಿನಲ್ಲಿ ಬರೆಯುತ್ತಾರೆ. ನಾನು ಬರೆದುಕೊಡುವುದಿಲ್ಲ. ಬರೆದುಕೊಟ್ಟರೆ ಸಂದರ್ಶನದಲ್ಲಿ ಕೂತಾಗ ಆ ವಾಕ್ಯ ಅವರ ಬಾಯಲ್ಲಿ ಹೊರಳುವುದಿಲ್ಲ. ಎದುರು ಕೂತವರಿಗೆ ಅದು ತಕ್ಷಣ ಗೊತ್ತಾಗುತ್ತದೆ. ಯಂತ್ರದ ಹತ್ತಿರ ಬರೆಸಿಕೊಂಡರೂ ಅದೇ ಕಥೆ. ಚಂದದ ವಾಕ್ಯಕ್ಕೆ ಈಗ ಬರಗಾಲ ಇಲ್ಲ, ಅದರ ಹಿಂದೆ ಒಂದು ಲಿಂಕ್ ಇದೆಯಾ, ಆ ಲಿಂಕಿನಲ್ಲಿ ನಿಜವಾದ ಮಾತುಕತೆ ಇದೆಯಾ ಅನ್ನುವುದೇ ಮುಖ್ಯ.

ಆಕೆ ಕೊನೆಗೆ ಬರೆದದ್ದು ನಾಲ್ಕು ವಾಕ್ಯ. ಕನ್ನಡದಲ್ಲಿ ಹೇಳಿದರೆ ಹೀಗೆ: "ಆಪ್‌ನಲ್ಲಿ ಉಳಿಸಿದ ಕನ್ನಡ ಪದಗಳು ಕೆಡುತ್ತಿದ್ದವು. ಇದು ಫಾಂಟ್ ತೊಂದರೆ ಎಂದು ಮುಚ್ಚಿದ್ದ ಬಗ್ ಅನ್ನು, ಕಾಣೆಯಾಗುತ್ತಿದ್ದ ಅಕ್ಷರವನ್ನು ತೋರಿಸಿ ಮತ್ತೆ ತೆರೆಸಿದೆ. ತಿದ್ದುಪಡಿ ಮತ್ತು ಟೆಸ್ಟ್ ನನ್ನದು, ಟೆಸ್ಟಿನ ರೂಪ ಇನ್ನೊಬ್ಬರ ಸಲಹೆಯಿಂದ ಸುಧಾರಿಸಿತು. ಹಳೆಯ ದಾಖಲೆಗಳಲ್ಲಿ ಈಗಾಗಲೇ ಕೆಟ್ಟಿರುವ ಪದಗಳು ಇನ್ನೂ ಹಾಗೇ ಇವೆ." ಕೆಳಗೆ ಎರಡು ಲಿಂಕ್, ಬಗ್‌ನದ್ದು ಒಂದು, ಪ್ಯಾಚಿನದ್ದು ಒಂದು. ಇದನ್ನು ರೆಸ್ಯೂಮಿನ ಮೇಲ್ಭಾಗಕ್ಕೆ, ಅಂಕಗಳಿಗಿಂತ ಮೇಲೆ ತಂದರು.

ಆ ಕೊನೆಯ ವಾಕ್ಯ ತೆಗೆಯಬೇಕಾ ಅಂತ ಕೇಳಿದ್ದರು. ಬೇಡವೇ ಬೇಡ ಅಂದೆ. ಬಾಕಿ ಏನಿದೆ ಅಂತ ಗೊತ್ತಿರುವವರ ಮೇಲೆ ನಂಬಿಕೆ ಜಾಸ್ತಿ ಬರುತ್ತದೆ. ಹೊಸಬರಿಗೆ ಓಪನ್ ಸೋರ್ಸ್ ಯೋಜನೆಗಳಲ್ಲಿ ಕೆಲಸ ಮಾಡಿಸುವ ಗೂಗಲ್ ಸಮ್ಮರ್ ಆಫ್ ಕೋಡ್ ಕಾರ್ಯಕ್ರಮದಲ್ಲೂ ಇದೇ ಕ್ರಮ. ಅದು 2005ರಿಂದ ನಡೆಯುತ್ತಿದೆ. ಮೊದಲು ವಿದ್ಯಾರ್ಥಿಗಳಿಗೆ ಮಾತ್ರ ಇತ್ತು, 2022ರಿಂದ ಓಪನ್ ಸೋರ್ಸ್‌ಗೆ ಹೊಸಬರಾದ ಬೇರೆಯವರಿಗೂ ಬಾಗಿಲು ತೆರೆಯಿತು. ಅಲ್ಲಿ ಕೊನೆಗೆ ಒಪ್ಪಿಸಬೇಕಾದ ವರದಿಯಲ್ಲಿ ಏನು ಮಾಡಿದೆ, ಈಗ ಯಾವ ಸ್ಥಿತಿಯಲ್ಲಿದೆ, ಏನು ಬಾಕಿ ಇದೆ, ಯಾವ ಕೋಡ್ ಸೇರಿತು, ಯಾವುದು ಸೇರಲಿಲ್ಲ ಎಲ್ಲ ಹೇಳಬೇಕು. ಆ ಕಾರ್ಯಕ್ರಮಕ್ಕೆ ಹೋಗದವರೂ ತಮ್ಮ ಕೆಲಸವನ್ನು ಇದೇ ಪ್ರಶ್ನೆಗಳಿಟ್ಟುಕೊಂಡು ಬರೆದುಕೊಳ್ಳಬಹುದು. ಇದಕ್ಕಿಂತ ಒಳ್ಳೆಯ ಚೌಕಟ್ಟು ನನಗೆ ಸಿಕ್ಕಿಲ್ಲ.

ಇನ್ನು ಹಸಿರು ಚೌಕಗಳ ವಿಷಯ. ಕೋಡ್ ಇಟ್ಟು ಹಂಚಿಕೊಳ್ಳುವ ಗಿಟ್‌ಹಬ್ ತಾಣದ ಪ್ರೊಫೈಲಿನಲ್ಲಿ ದಿನಕ್ಕೊಂದು ಚೌಕ ಇರುತ್ತದೆ, ಕೆಲಸ ಮಾಡಿದ ದಿನ ಹಸಿರಾಗುತ್ತದೆ. ಕಾಲೇಜುಗಳಲ್ಲಿ ಇದೊಂದು ಗೀಳಾಗಿದೆ. ಹಸಿರು ಕಮ್ಮಿ ಇದ್ದರೆ ಕೆಲಸ ಸಿಗಲ್ಲ ಅಂತ ಯಾರೋ ಹೇಳಿರುತ್ತಾರೆ. ಆದರೆ ಆ ಚೌಕ ಹೇಗೆ ಬಣ್ಣ ತುಂಬಿಕೊಳ್ಳುತ್ತದೆ ಅಂತ ನೋಡಿದರೆ ಅದರ ಮೇಲೆ ಇಷ್ಟು ಭಾರ ಹಾಕಬಾರದು ಅನಿಸುತ್ತದೆ. ಕಮಿಟ್ (ದಾಖಲಾದ ಒಂದು ಬದಲಾವಣೆ) ಯೋಜನೆಯ ಮುಖ್ಯ ಬ್ರಾಂಚಿಗೆ ಸೇರಿದರೆ ಎಣಿಸುತ್ತದೆ. ನಿಮ್ಮ ಫೋರ್ಕಿನಲ್ಲೇ (ನೀವು ಮಾಡಿಕೊಂಡ ಸ್ವಂತ ಪ್ರತಿಯಲ್ಲೇ) ಉಳಿದರೆ ಎಣಿಸುವುದಿಲ್ಲ. ಕಮಿಟ್ ಮಾಡಿದ ಇಮೇಲ್ ವಿಳಾಸ ಖಾತೆಗೆ ಜೋಡಣೆಯಾಗದೇ ಇದ್ದರೂ ಎಣಿಸುವುದಿಲ್ಲ. ಕಾಲೇಜಿನ ಲ್ಯಾಬಿನ ಕಂಪ್ಯೂಟರಿನಲ್ಲಿ ಬೇರೆ ಇಮೇಲ್ ಸೆಟ್ ಆಗಿತ್ತು ಅಂತ ತಮ್ಮ ಕೆಲಸ ಪೂರ್ತಿ ಕಾಣದೇ ಹೋದವರನ್ನು ನೋಡಿದ್ದೇನೆ. ಅದನ್ನು ಸರಿಮಾಡಲು ಎರಡು ನಿಮಿಷ ಸಾಕು, ಆ ವಿಳಾಸವನ್ನು ಖಾತೆಗೆ ಸೇರಿಸಿದರೆ ಆಯಿತು. ಮೊದಲು ಅದನ್ನು ನೋಡಿಕೊಳ್ಳಿ.

ಎಣಿಕೆಯ ಹಿಂದೆ ಬಿದ್ದರೆ ಏನಾಗುತ್ತದೆ ಅನ್ನುವುದಕ್ಕೆ 2020ರ ಹ್ಯಾಕ್ಟೋಬರ್‌ಫೆಸ್ಟ್ ಸಾಕ್ಷಿ. ಡಿಜಿಟಲ್‌ಓಶನ್ ಕಂಪನಿ 2014ರಲ್ಲಿ ಶುರು ಮಾಡಿದ ಓಪನ್ ಸೋರ್ಸ್ ಹಬ್ಬ ಅದು. ಆಗ ಅಕ್ಟೋಬರ್ ತಿಂಗಳಲ್ಲಿ ನಾಲ್ಕು ಪುಲ್ ರಿಕ್ವೆಸ್ಟ್ (ನನ್ನ ಬದಲಾವಣೆ ಸೇರಿಸಿಕೊಳ್ಳಿ ಅನ್ನುವ ಕೋರಿಕೆ) ಕಳಿಸಿದರೆ ಟೀ ಶರ್ಟ್ ಸಿಗುತ್ತಿತ್ತು. ಆ ವರ್ಷ ಯೋಜನೆಯನ್ನು ಪರಿಚಯಿಸುವ ರೀಡ್‌ಮಿ ಕಡತಕ್ಕೆ ಒಂದೆರಡು ಪದ ಸೇರಿಸಿ ಕಳಿಸಿದ ರಾಶಿ ರಾಶಿ ಪುಲ್ ರಿಕ್ವೆಸ್ಟುಗಳು ಬಂದು ಬಿದ್ದವು. ಬಿಡುವಿನಲ್ಲಿ ಕೆಲಸ ಮಾಡುವ ನಿರ್ವಾಹಕರು ಅವನ್ನು ಮುಚ್ಚುವುದರಲ್ಲೇ ಸುಸ್ತಾದರು. ಕೆಲವೇ ದಿನಗಳಲ್ಲಿ ನಿಯಮ ಬದಲಾಯಿತು, ತಾವಾಗಿ ಒಪ್ಪಿದ ಯೋಜನೆಗಳಿಗೆ ಕಳಿಸಿದ್ದು ಮಾತ್ರ ಲೆಕ್ಕಕ್ಕೆ ಅಂತ. ಇದರಲ್ಲಿ ನಮ್ಮ ದೇಶದ ವಿದ್ಯಾರ್ಥಿಗಳ ಪಾಲು ದೊಡ್ಡದಿತ್ತು ಅಂತ ಆಗ ತುಂಬಾ ಮಾತು ಬಂತು. ಅವರನ್ನು ಬೈಯಲು ನನಗೆ ಮನಸ್ಸು ಬರುವುದಿಲ್ಲ. ಎಣಿಕೆಯೇ ಯೋಗ್ಯತೆ ಅಂತ ಹೇಳಿಕೊಟ್ಟವರು ನಾವು ದೊಡ್ಡವರು, ಅಲ್ವಾ?

ಎಣಿಕೆಗೆ ಸಿಗದ ಕೆಲಸದಲ್ಲಿ ಅನುವಾದ ಮೊದಲನೆಯದು. ಕನ್ನಡ ವಿಕಿಪೀಡಿಯ ತೆರೆದಾಗ ಕಾಣುವ ಗುಂಡಿಗಳು, ಸೂಚನೆಗಳು, ಎಚ್ಚರಿಕೆಗಳು ಟ್ರಾನ್ಸ್‌ಲೇಟ್‌ವಿಕಿ ಅನ್ನುವ ತಾಣದಲ್ಲಿ ಅನುವಾದ ಆಗುತ್ತವೆ. ಅಲ್ಲಿಂದ ವಿಕಿಪೀಡಿಯ ನಡೆಸುವ ತಂತ್ರಾಂಶವಾದ ಮೀಡಿಯಾವಿಕಿಯ ಕೋಡಿಗೆ ಅವನ್ನು ತಂದು ಸೇರಿಸುವುದು ಒಂದು ಬಾಟ್, ಅಂದರೆ ತಾನಾಗಿ ಕೆಲಸ ಮಾಡುವ ಪ್ರೋಗ್ರಾಂ. ಕಮಿಟ್ ಮೇಲೆ ಬಾಟಿನ ಹೆಸರು ಇರುತ್ತದೆ. ಅನುವಾದ ಮಾಡಿದವರು ಕೋಡಿನ ಬದಲಾವಣೆಗಳ ಗಿಟ್ ದಾಖಲೆಯಲ್ಲಿ ಲೇಖಕರಾಗಿ ಬರುವುದೇ ಇಲ್ಲ. ಆದರೆ ಅವರ ಹೆಸರು ಅಳಿಸಿಹೋಗಿಲ್ಲ. ಕನ್ನಡ ಅನುವಾದಗಳಿರುವ ಜೇಸನ್ ಕಡತ ತೆರೆದರೆ ಮೇಲ್ಗಡೆಯೇ ಮೆಟಾಡೇಟಾ ಅನ್ನುವ ಭಾಗ ಇದೆ, ಅದರ ಕೆಳಗೆ ಲೇಖಕರು ಅಂತ ಪಟ್ಟಿ ಇದೆ. ಅಲ್ಲಿ ಇರುತ್ತಾರೆ. ಎಷ್ಟೋ ಅನುವಾದಕರಿಗೆ ಇದು ಗೊತ್ತೇ ಇಲ್ಲ. ತೋರಿಸಿದಾಗ ಮುಖದಲ್ಲಿ ಬರುವ ಬೆಳಕು ನೋಡಬೇಕು. ಟ್ರಾನ್ಸ್‌ಲೇಟ್‌ವಿಕಿಯಲ್ಲಿ ಪ್ರತಿಯೊಬ್ಬರ ಕೊಡುಗೆಗಳ ಪುಟವೂ ಇದೆ. ಫೈರ್‌ಫಾಕ್ಸ್ ಅನುವಾದ ಮಾಡುವವರಿಗೆ ಮೊಜಿಲ್ಲಾದ ಅನುವಾದ ತಾಣ ಪಾಂಟೂನ್‌ನಲ್ಲಿ ಪ್ರೊಫೈಲ್ ಇರುತ್ತದೆ. ಸಲಹೆ ಕೊಡುವ ಹಂತ ದಾಟಿ, ಬೇರೆಯವರ ಅನುವಾದ ಪರಿಶೀಲಿಸುವ ಹಕ್ಕು ಸಿಕ್ಕಿದ್ದರೆ ಅದನ್ನು ಖಂಡಿತ ಬರೆಯಬೇಕು. ಒಂದು ಸಮುದಾಯ ನಿಮ್ಮ ತೀರ್ಮಾನವನ್ನು ನಂಬಿದೆ ಅಂತ ಅದರ ಅರ್ಥ. ಕೆಲಸ ಕೊಡುವವರಿಗೆ ಅದು ಬೇಕಾದ ಮಾಹಿತಿ.

ಬರೀ "ಅನುವಾದ ಮಾಡಿದ್ದೇನೆ" ಅಂದರೆ ತಂಡಗಳಿಗೆ ಅರ್ಥ ಆಗುವುದಿಲ್ಲ, ನಿಜ. ಅದಕ್ಕೇ ಒಂದು ತೀರ್ಮಾನ ಆರಿಸಿ ಹೇಳಿ ಅನ್ನುತ್ತೇನೆ. ಇಂಗ್ಲಿಷಿನಲ್ಲಿ ಒಂದು, ಹಲವು ಅಂತ ವಾಕ್ಯ ಬದಲಾಗುವ ಕಡೆ ಕನ್ನಡದಲ್ಲಿ ಏನು ಮಾಡಿದಿರಿ? ಗುಂಡಿಯ ಮೇಲೆ ಕನ್ನಡ ಪದ ಹಿಡಿಸದೇ ಹೋದಾಗ ಪದ ಚಿಕ್ಕದು ಮಾಡಿದಿರಾ, ಗುಂಡಿ ದೊಡ್ಡದು ಮಾಡಿ ಅಂತ ಡಿಸೈನರಿಗೆ ಹೇಳಿದಿರಾ? ಎರಡನೆಯದು ಮಾಡಿದ್ದರೆ ಆ ಮಾತುಕತೆಯ ಲಿಂಕೇ ನಿಮ್ಮ ಅತ್ಯುತ್ತಮ ಕೆಲಸ ಇರಬಹುದು.

ಕೋಡ್ ಬರೆಯದ ಕೆಲಸಕ್ಕೂ ಲೆಕ್ಕ ಇಡಬೇಕು ಅನ್ನುವುದು ಹೊಸ ಮಾತೇನಲ್ಲ. ಲಿನಕ್ಸ್ ಆಪರೇಟಿಂಗ್ ಸಿಸ್ಟಮ್ಮಿನ ತಿರುಳಾದ ಕರ್ನಲ್‌ನ ಕಮಿಟ್ ಸಂದೇಶಗಳ ಕೊನೆಯಲ್ಲಿ ರಿಪೋರ್ಟೆಡ್-ಬೈ, ಟೆಸ್ಟೆಡ್-ಬೈ, ರಿವ್ಯೂಡ್-ಬೈ ಅಂತ ಸಾಲುಗಳು ಇರುತ್ತವೆ. ತೊಂದರೆ ಕಂಡುಹಿಡಿದವರು, ಪರೀಕ್ಷಿಸಿದವರು, ಓದಿ ಒಪ್ಪಿದವರು ಎಲ್ಲರ ಹೆಸರೂ ಉಳಿಯುತ್ತದೆ. ಡೆಬಿಯನ್ ಅನ್ನುವುದು ಲಿನಕ್ಸ್ ಆಧರಿಸಿದ ಆಪರೇಟಿಂಗ್ ಸಿಸ್ಟಮ್ ಕಟ್ಟುವ, 1993ರಲ್ಲಿ ಹುಟ್ಟಿದ ಯೋಜನೆ. ಪ್ಯಾಕೇಜ್ (ಇನ್‌ಸ್ಟಾಲ್ ಮಾಡಲು ಸಿದ್ಧಪಡಿಸಿದ ತಂತ್ರಾಂಶದ ಕಟ್ಟು) ಮಾಡದೆ ಅನುವಾದ, ದಾಖಲೆ, ವಿನ್ಯಾಸದಂಥ ಕೆಲಸ ಮಾಡುವವರೂ ಪೂರ್ಣ ಸದಸ್ಯರಾಗಲಿ ಅಂತ ಅದು 2010ರಲ್ಲಿ ಮತ ಹಾಕಿ ತೀರ್ಮಾನಿಸಿತು. ಡೆಬಿಯನ್ ಕ್ರಮದಲ್ಲಿ ನನಗೆ ತುಂಬಾ ಇಷ್ಟವಾದ್ದು ಇನ್ನೊಂದಿದೆ. ಹೊಸಬರು ಸದಸ್ಯತ್ವಕ್ಕೆ ಅರ್ಜಿ ಹಾಕಿದರೆ ಈಗಾಗಲೇ ಸದಸ್ಯರಾಗಿರುವ ಒಬ್ಬರು ಅವರ ಪರವಾಗಿ ಬರೆಯಬೇಕು. ಇವರ ಜೊತೆ ನಾನು ಕೆಲಸ ಮಾಡಿದ್ದೇನೆ, ಇಂಥದ್ದನ್ನು ನೋಡಿದ್ದೇನೆ ಅಂತ ಸಹಿ ಹಾಕಿ.

ನಮ್ಮ ಯೋಜನೆಗಳಲ್ಲಿ ಈ ಅಭ್ಯಾಸ ಬೆಳೆಯಬೇಕು ಅನ್ನುವುದು ನನ್ನ ಬಲವಾದ ಆಸೆ. ಸ್ವಯಂಸೇವಕರಿಗೆ ನಾವು ಈಗ ಕೊಡುವುದು ಏನು? ಚಿನ್ನದ ಬಣ್ಣದ ಅಂಚಿನ ಒಂದು ಸರ್ಟಿಫಿಕೇಟ್. ಎಲ್ಲರಿಗೂ ಅದೇ ಒಕ್ಕಣೆ, ಹೆಸರು ಮಾತ್ರ ಬೇರೆ. ಅದರ ಬದಲು ನಿರ್ವಾಹಕರು ಐದಾರು ಸಾಲು ಬರೆದುಕೊಟ್ಟರೆ ಸಾಕು: ಯಾವ ಕೆಲಸ, ಅದರಲ್ಲಿ ಇವರ ತೀರ್ಮಾನ ಯಾವುದು, ತಿದ್ದಲು ಹೇಳಿದಾಗ ಹೇಗೆ ನಡೆದುಕೊಂಡರು. ಅದನ್ನು ಕೆಲಸ ಮುಗಿದ ವಾರದಲ್ಲೇ ಬರೆಯಬೇಕು. ವರ್ಷ ಕಳೆದ ಮೇಲೆ ಕೇಳಿದರೆ "ಒಳ್ಳೆ ಹುಡುಗ" ಅನ್ನುವಷ್ಟೇ ನೆನಪಿರುತ್ತದೆ.

ಲಿಂಕೇ ಇಲ್ಲದ ಕೆಲಸಕ್ಕಂತೂ ಇಂಥ ಪತ್ರವೇ ಆಧಾರ. ಊರಿನ ಶಾಲೆಗೆ ಒಂದು ಆಪ್ ಮಾಡಿಕೊಟ್ಟವರಿದ್ದಾರೆ. ವಾಟ್ಸಾಪ್ ಗುಂಪಿನಲ್ಲಿ ಹೊಸಬರ ಪ್ರಶ್ನೆಗಳಿಗೆ ತಿಂಗಳಾನುಗಟ್ಟಲೆ ಉತ್ತರ ಕೊಟ್ಟವರಿದ್ದಾರೆ. ಶಾಲೆಯ ಮಕ್ಕಳ ಹೆಸರು, ಫೋನ್ ನಂಬರ್ ಇರುವ ಸ್ಕ್ರೀನ್‌ಶಾಟ್ ತೋರಿಸಬಾರದು. ಗುಂಪಿನಲ್ಲಿ ಬೇರೆಯವರು ಬರೆದದ್ದನ್ನು ಕೇಳದೆ ಹೊರಗೆ ಹಾಕಬಾರದು. ಬದಲಿಗೆ ಸುಳ್ಳು ಹೆಸರುಗಳನ್ನು ತುಂಬಿದ ಒಂದು ಮಾದರಿ ಪ್ರತಿ, ಅದನ್ನು ವಿವರಿಸುವ ಒಂದು ಪುಟ, ಶಾಲೆಯ ಮೇಷ್ಟ್ರ ಎರಡು ಸಾಲು ಇದ್ದರೆ ಸಾಕು. ತಂತ್ರಜ್ಞಾನದಲ್ಲಿ ಅವಕಾಶ ಕಮ್ಮಿ ಸಿಕ್ಕವರಿಗಾಗಿ ಇರುವ ಔಟ್‌ರೀಚಿ ಇಂಟರ್ನ್‌ಶಿಪ್‌ಗೆ ಅರ್ಜಿ ಹಾಕುವವರು ಆಯ್ಕೆಗೆ ಮುಂಚೆಯೇ ಯೋಜನೆಗೆ ಸ್ವಲ್ಪ ಕೆಲಸ ಮಾಡಿ, ಪ್ರತಿಯೊಂದನ್ನೂ ಲಿಂಕ್ ಸಮೇತ ದಾಖಲಿಸಬೇಕು. ಆ ಹಂತ ದಾಟಿ ಬಂದವರ ಹತ್ತಿರ ಯಾವಾಗಲೂ ಒಂದು ಚಿಕ್ಕ ಡೈರಿ ಇರುತ್ತದೆ. ಇಂಟರ್ನ್‌ಶಿಪ್ ಸಿಗದೇ ಇದ್ದರೂ ಆ ಡೈರಿ ಕೈಯಲ್ಲಿ ಉಳಿಯುತ್ತದೆ, ಮುಂದಿನ ಅರ್ಜಿಗೆ ಅದೇ ಬಂಡವಾಳ.

ಸೇರದೇ ಹೋದ ಪ್ಯಾಚನ್ನೂ ತೋರಿಸಬಹುದು. ಒಂದು ಪುಲ್ ರಿಕ್ವೆಸ್ಟ್ ಓದುವಾಗ ನಾನು ಮೊದಲು ನೋಡುವುದು ಕೋಡನ್ನಲ್ಲ, ಕೆಳಗಿನ ಮಾತುಕತೆಯನ್ನು. ಯಾರೋ ಕಟುವಾಗಿ ಬರೆದಿದ್ದಾರೆ. ಇವರು ಏನು ಉತ್ತರ ಕೊಟ್ಟಿದ್ದಾರೆ? ಸುಮ್ನೆ ಒಪ್ಪಿಕೊಂಡರಾ, ವಾದ ಮಾಡಿದರಾ, ವಾದದಲ್ಲಿ ತಿರುಳಿತ್ತಾ? ಯೋಜನೆ ಬೇರೆ ದಾರಿ ಹಿಡಿದು ಇವರ ಪ್ಯಾಚ್ ಮುಚ್ಚಿದಾಗ "ಸರಿ, ಹಾಗಾದರೆ ಟೆಸ್ಟುಗಳನ್ನಾದರೂ ಉಳಿಸಿಕೊಳ್ಳಿ" ಅಂದವರೊಬ್ಬರ ಜೊತೆ ಕೆಲಸ ಮಾಡಲು ನಾನು ಯಾವಾಗಲೂ ತಯಾರು.

ಒಂದು ಮಾತು ತಂಡಗಳಿಗೂ ಹೇಳಬೇಕು. ಬಿಡುವಿನಲ್ಲಿ ಸ್ವಯಂಸೇವೆ ಮಾಡಲು ಬಿಡುವು ಇರಬೇಕು. ಕಾಲೇಜು ಮುಗಿಸಿ ಎರಡು ಬಸ್ ಬದಲಿಸಿ ಊರು ಸೇರಿ, ಮನೆಯ ಕೆಲಸ ಮಾಡಿ, ಒಂದೇ ಫೋನನ್ನು ತಮ್ಮನ ಜೊತೆ ಹಂಚಿಕೊಳ್ಳುವ ಹುಡುಗಿಗೆ ಆ ಬಿಡುವು ಎಲ್ಲಿಂದ ಬರಬೇಕು? ಓಪನ್ ಸೋರ್ಸ್ ಕೆಲಸ ಇದ್ದರೆ ಸಂತೋಷದಿಂದ ಓದಿ, ಇಲ್ಲ ಅಂದರೆ ಅದನ್ನು ಕೊರತೆ ಅಂತ ಎಣಿಸಬೇಡಿ. ಅದು ಅರ್ಹತೆಯ ಬೇಲಿ ಆಗಿಬಿಟ್ಟರೆ ಮತ್ತೆ ಟೀ ಶರ್ಟಿನ ಕಾಲಕ್ಕೇ ಹೋಗುತ್ತೇವೆ.

ನಮ್ಮ ತಂಡದ ಅರ್ಜಿಯಲ್ಲಿ ಮುಂಚೆ ಗಿಟ್‌ಹಬ್ ವಿಳಾಸಕ್ಕೆ ಮಾತ್ರ ಜಾಗ ಇತ್ತು. ಈಗ ಅದನ್ನು ತೆಗೆದು, "ನಿಮಗೆ ಹೆಮ್ಮೆ ತಂದ ಯಾವುದಾದರೂ ಒಂದು ಕೆಲಸ ತೋರಿಸಿ, ಅದರಲ್ಲಿ ನೀವು ತೆಗೆದುಕೊಂಡ ಒಂದು ತೀರ್ಮಾನ ಹೇಳಿ" ಅಂತ ಹಾಕಿದ್ದೇವೆ. ಕನ್ನಡದಲ್ಲೂ ಬರೆಯಬಹುದು ಅಂತ ಕೆಳಗೆ ಒಂದು ಸಾಲು ಇದೆ. ಈಚೆಗೆ ಬಂದ ಅರ್ಜಿಗಳಲ್ಲಿ ಒಬ್ಬರು ಓಪನ್‌ಸ್ಟ್ರೀಟ್‌ಮ್ಯಾಪ್ ಅನ್ನುವ ಮುಕ್ತ ನಕ್ಷೆಯಲ್ಲಿ ತಮ್ಮ ತಾಲ್ಲೂಕಿನ ಕೆರೆಗಳನ್ನು ಗುರುತಿಸಿದ ಚೇಂಜ್‌ಸೆಟ್ (ಬದಲಾವಣೆಗಳ ದಾಖಲೆ) ಕಳಿಸಿದ್ದರು. ಬೇಸಿಗೆಯಲ್ಲಿ ಒಣಗುವ ಕೆರೆಯನ್ನು ಕೆರೆ ಅಂತಲೇ ಉಳಿಸಿ, ವರ್ಷದ ಕೆಲವು ತಿಂಗಳು ಮಾತ್ರ ನೀರು ಅಂತ ಟ್ಯಾಗ್ ಹಾಕಬೇಕು ಅಂತ ಇನ್ನೊಬ್ಬರನ್ನು ಒಪ್ಪಿಸಿದ್ದು ಹೇಗೆ ಅಂತ ಕನ್ನಡದಲ್ಲೇ ಒಂದೂವರೆ ಪುಟ ಬರೆದಿದ್ದಾರೆ. ಅವರನ್ನು ಮುಂದಿನ ವಾರ ಮಾತಿಗೆ ಕರೆದಿದ್ದೇವೆ.